ಕೇಕಿನ ಡಬ್ಬಿಯ ಬೋಲ್ಟುಗಳು

“ಕೇಕ್ ತಿಂದ ಕೈಯಲ್ಲಿ ಅದನ್ನ ಮುಟ್ಟಬೇಡ ನೆವಿಲ್. ಮೊದ್ಲು ಒರೆಸ್ಕೋ.”

ಸಾರ್ಜೆಂಟ್ ನೆವಿಲ್ ಕೂಟ್ ತೆಪ್ಪಗೆ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ನಮ್ಮ ಮುರಿಂಗ ಊರಿಗೆಲ್ಲ ಇರುವುದು ಅವನೊಬ್ಬನೇ ಪೊಲೀಸು. ನನ್ನ ಕೈಯ ಹಣ್ಣಿನ ಕೇಕೆಂದರೆ ಅವನಿಗೆ ಪ್ರಾಣ. ಕೋವಿ ರಿಪೇರಿ ಮಾಡುವ ನನ್ನ ಶೆಡ್ಡಿಗೆ ಅವನು ವಾರಕ್ಕೆರಡು ಸಲ ತನಿಖೆಗೆ ಬರುವುದು ಯಾಕೆಂದು ಊರಿಗೆಲ್ಲ ಗೊತ್ತು.

ಮೇಜಿನ ಮೇಲೆ ಹಾಸಿದ್ದ ಹಳೆಯ ಕಂಬಳಿಯಲ್ಲಿ ಎಲ್ವಾ ಪಾಸ್ಮೋರಳ ರೈಫಲ್ ಮಲಗಿತ್ತು. ಪಕ್ಕದಲ್ಲೇ ಎಲ್ವಾ ಕೂತಿದ್ದಳು, ಆಸ್ಪತ್ರೆಯಲ್ಲಿ ನೆಂಟರ ಮಂಚದ ಪಕ್ಕ ಕೂತವರ ಹಾಗೆ. ಎದುರಿಗೆ, ಕುರ್ಚಿ ಕೊಟ್ಟರೂ ಕೂರದೆ, ಟೋಪಿ ತೆಗೆಯದೆ, ರಾಯ್ಸ್ ಬ್ರೆಂಟನ್ ನಿಂತಿದ್ದ.

ಹೋದ ಬುಧವಾರ ಸಂಜೆ ರಾಯ್ಸನ ಬಹುಮಾನದ ಟಗರು ಬೇಲಿಯ ಪಕ್ಕ ಗುಂಡು ತಿಂದು ಸತ್ತಿತ್ತು. ಬೇಲಿಯಾಚೆ ಎಲ್ವಾಳ ಹೊಲ. ಆ ಟಗರು ಬೇಲಿ ಮುರಿದು ಬರುತ್ತದೆಂದು ಅವಳು ಊರು ಕೇಳುವ ಹಾಗೆ ಬೈದಾಡಿದ್ದಳು. ಅನುಮಾನಕ್ಕೆ ಅಷ್ಟೇ ಸಾಕಾಯಿತು. ನಿನ್ನೆ ಸೋಮವಾರ ನೆವಿಲ್ ಅವಳ ಮನೆಗೆ ಹೋಗಿ ರೈಫಲ್ ವಶಕ್ಕೆ ತೆಗೆದುಕೊಂಡಿದ್ದ.

ತಪ್ಪು ಅವಳದೇ ಎಂದಾದರೆ ರೈಫಲ್ ನಗರದ ಕುಲುಮೆಗೆ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ. ಕುರಿ ಮರಿ ಹಾಕುವ ಕಾಲದಲ್ಲಿ ನರಿ ಬಂದರೆ ಎಲ್ವಾ ಚಪ್ಪಾಳೆ ತಟ್ಟಿ ಓಡಿಸಬೇಕು ಅಷ್ಟೆ. ಆದರೆ ಅವಳ ಸಂಕಟ ಬೇರೆಯೇ ಇತ್ತು. ಅದು ಅವಳ ಅಮ್ಮನ ರೈಫಲ್. ಅದನ್ನು ಕರಗಿಸಿ ಚರಂಡಿಯ ಮುಚ್ಚಳ ಮಾಡುತ್ತಾರಂತೆ ಎಂದು ಬೆಳಿಗ್ಗೆ ಬಂದಾಗ ಒಂದೇ ಸಲ ಹೇಳಿದ್ದಳು. ಹೇಳಿ ಕಣ್ಣೊರೆಸಿಕೊಂಡಿದ್ದಳು.

ನಾನು ಕನ್ನಡಕ ಏರಿಸಿದೆ. ಇಂಥ ಬೆಳಗುಗಳೆಂದರೆ ನನಗೆ ತುಂಬಾ ಇಷ್ಟ. ತಗಡಿನ ಶೆಡ್ಡು ಇನ್ನೂ ಕಾದಿರುವುದಿಲ್ಲ, ಗೋಧಿಯ ಕಣಜದ ಮೇಲೆ ಗಲಾ ಗಿಳಿಗಳು ಜಗಳ ಆಡುತ್ತಿರುತ್ತವೆ, ಕೈಯಲ್ಲಿ ಟೀ ಇರುತ್ತದೆ, ಮುಂದೆ ಒಂದು ಒಳ್ಳೆಯ ಹಳೆಯ ರೈಫಲ್ ಇರುತ್ತದೆ. ಇದಕ್ಕಿಂತ ಹೆಚ್ಚೇನೂ ನಾನು ಕೇಳಿದವಳಲ್ಲ.

ಒಂದೇ ಗುಂಡಿನ ರೈಫಲ್. ತೋಟಾ ಒಂದನ್ನು ಕೈಯಾರೆ ಇಡಬೇಕು, ಬಾಗಿಲ ಅಗುಳಿಯ ಹಾಗೆ ಬೋಲ್ಟನ್ನು ಮುಂದೆ ತಳ್ಳಬೇಕು, ಆಮೇಲೆ ಹಿಂಬದಿಯ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯಬೇಕು. ಆಗ ಮಾತ್ರ ಅದು ಸಿದ್ಧ. ಆತುರಗಾರರಿಗೆ ಇದು ಆಗುವುದಿಲ್ಲ. ಗುರಿ ತಪ್ಪಿದರೆ ಮೊಲ ನಿಮ್ಮನ್ನೊಮ್ಮೆ ನೋಡಿ, ಬಾಲ ತೋರಿಸಿ ಹೋಗುತ್ತದೆ. ಹಾಗಾಗಿ ಇದರಲ್ಲಿ ಕಲಿತವರು ಮೊದಲ ಗುಂಡಿಗೇ ಹೊಡೆಯುವುದನ್ನು ಕಲಿಯುತ್ತಾರೆ.

ನಳಿಗೆಯ ಮೇಲಿನ ಅಕ್ಷರಗಳು ಸವೆದು ಮಾಯವಾಗಿದ್ದವು. ಆದರೂ ಹುಟ್ಟೂರು ತಿಳಿಯುವುದು ಕಷ್ಟವಿರಲಿಲ್ಲ. ವಿಲಾಯತಿಯದಾಗಿದ್ದರೆ ಮರ ಕಪ್ಪು ಛಾಯೆಯ ಅಕ್ರೋಟಿನದಾಗಿರುತ್ತಿತ್ತು. ಇದು ತಿಳಿ ಕಂದು, ನವಿರು ಎಳೆಯ ನಮ್ಮದೇ ಕಾಡಿನ ಮರ. ಯುದ್ಧ ಮುಗಿದ ಹೊಸತರಲ್ಲಿ, ಸೈನಿಕರಿಗೆ ಮಾಡಿದ್ದು ಸಾಕಾಗಿ, ರೈತರಿಗೆಂದು ಈ ದೇಶದಲ್ಲೇ ಮಾಡಿದ್ದು. ಅಂದ ಚಂದಕ್ಕೆ ಅಂತ ಒಂದು ಗೆರೆ ಕೂಡ ಕೆತ್ತಿಲ್ಲ. ಆದರೆ ಗುಂಡು ಹಾರಿಸುವ ಕುದುರೆಯನ್ನು ಬೆರಳಲ್ಲಿ ಒತ್ತಿ ನೋಡಿ, ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ.

ನನ್ನ ಕಣ್ಣು ನಿಂತಿದ್ದು ಮಾತ್ರ ಹಿಂಬದಿಯಲ್ಲಿ, ಭುಜಕ್ಕೆ ಒತ್ತುವ ಮರದ ಕೊನೆಯಲ್ಲಿ. ಅಲ್ಲಿ ಮರವನ್ನು ಅಡ್ಡಡ್ಡ ಕೊಯ್ದು, ಕೊಯ್ದ ತುಂಡುಗಳನ್ನು ಮತ್ತೆ ಮೊಳೆ ತಿರುಗಿಸಿ ಕೂರಿಸಿದ ಗೆರೆಗಳಿದ್ದವು. ನಮ್ಮ ಕಡೆ ಇದನ್ನು ನೋಡದವರಿಲ್ಲ. ಮಗುವಿನ ತೋಳಿಗೆ ರೈಫಲ್ ಉದ್ದವಾದರೆ ಹಿಂಬದಿ ಕೊಯ್ಯುತ್ತಾರೆ, ಮಗು ಬೆಳೆದ ಹಾಗೆ ತುಂಡು ತುಂಡಾಗಿ ಮರಳಿ ಜೋಡಿಸುತ್ತಾರೆ.

“ಇಷ್ಟು ಗಿಡ್ಡ ಇದ್ಯಾ ನೀನು ಆಗ?” ಅಂದೆ, ಮೊದಲ ಗೆರೆಯ ಮೇಲೆ ಬೆರಳಿಟ್ಟು.

ಎಲ್ವಾಳ ಮುಖ ಅರಳಿತು. ಒಲೆ ಮುಂದಿನ ಮಣೆ ಮೇಲೆ ನಿಂತರೂ ಅಟ್ಟ ಎಟುಕುತ್ತಿರಲಿಲ್ಲವಂತೆ ಆಗ. ಅಪ್ಪ ಉಣ್ಣೆ ಕತ್ತರಿಸಲು ಊರೂರು ಅಲೆಯುವಾಗ ಅಮ್ಮನೇ ಕೊಯ್ದು ಕೊಟ್ಟಳಂತೆ. ಒಂದೊಂದು ತುಂಡು ಮರಳಿ ಕೂರಿಸುವಾಗಲೂ ಮನೆಯಲ್ಲಿ ಮೊಲದ ಸಾರು, ಹಬ್ಬದ ಹಾಗೆ. ಹೇಳುತ್ತಾ ಹೇಳುತ್ತಾ ಅವಳು ತಾನು ಯಾಕೆ ಬಂದಿದ್ದೇನೆ ಎಂಬುದನ್ನೇ ಮರೆತಂತೆ ಕಂಡಳು. ಅವಳನ್ನು ನೋಡಿ ನನಗೂ ಸಂತೋಷವಾಯಿತು.

ರಾಯ್ಸನಿಗೆ ತಾಳ್ಮೆ ಮೀರಿತು. “ಪುರಾಣ ಸಾಕು ಗ್ವೆನ್. ಸತ್ತಿದ್ದು ನನ್ನ ಟಗರು. ಹೊಡೆದಿದ್ದು ಇದೇನಾ ಅಲ್ವಾ, ಅದನ್ನ ಹೇಳು.”

ಹೇಳೋಣವೆಂದು ಎದ್ದೆ. ಬೇಲಿಯ ಬುಡದಲ್ಲಿ ಸಿಕ್ಕ ಖಾಲಿ ತೋಟಾ ನೆವಿಲ್ಲನ ಹತ್ತಿರ ಬೆಂಕಿಪೆಟ್ಟಿಗೆಯಲ್ಲಿತ್ತು. ಇಂಥ ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ಇರುವುದು ತಳದ ನಡುವೆ ಅಲ್ಲ, ಅಂಚಿನಲ್ಲಿ. ಬೋಲ್ಟಿನೊಳಗಿನ ಮೊಳೆ ಅಂಚನ್ನು ಕುಟ್ಟುತ್ತದೆ, ಕುಟ್ಟಿದ ಗಾಯ ಹಿತ್ತಾಳೆಯಲ್ಲಿ ಉಳಿಯುತ್ತದೆ. ಮೊಳೆಯ ಮೂತಿ ಹೇಗೋ ಗಾಯವೂ ಹಾಗೆ. ಈ ತೋಟಾದ ಗಾಯ ಉಳಿಯ ಏಟಿನಂತೆ ಅಗಲವಾಗಿ, ಎಡಮೂಲೆ ಮುರಿದಿತ್ತು.

ಎಲ್ವಾಳ ರೈಫಲ್ಲಿಗೆ ಅದೇ ಜಾತಿಯ ಹೊಸ ತೋಟಾ ಇಟ್ಟು ಮರಳಿನ ಪೀಪಾಯಿಗೆ ಹೊಡೆದೆ. ಬೋಲ್ಟು ಎಳೆದರೆ ತೋಟಾ ಹೊರಗೆ ಬರಲಿಲ್ಲ, ಒಳಗೇ ಕಚ್ಚಿಕೊಂಡಿತು. ಚಾಕುವಿನ ಮೊನೆಯಲ್ಲಿ ಮೀಟಿ ತೆಗೆಯಬೇಕಾಯಿತು. ಭೂತಗನ್ನಡಿಯ ಕೆಳಗೆ ಎರಡನ್ನೂ ಅಕ್ಕಪಕ್ಕ ಇಟ್ಟೆ.

ಉಳಿಯ ಏಟು. ಎಡಮೂಲೆ ಮುರಿದದ್ದು. ಎರಡರಲ್ಲೂ ಅದೇ.

“ಗಾಯ ಹೊಂದುತ್ತೆ,” ಅಂದೆ.

ರಾಯ್ಸ್ ಮೇಜು ಗುದ್ದಿದ. ಎಲ್ವಾ ಕಣ್ಣು ಮುಚ್ಚಿದಳು. ಆದರೆ ನನಗೆ ವಿಚಿತ್ರವೆನಿಸಿದ್ದು ನೆವಿಲ್. ಕೇಸು ಗೆದ್ದ ಪೊಲೀಸನು ಇನ್ನೊಂದು ತುಂಡು ಕೇಕಿಗೆ ಕೈ ಹಾಕಬೇಕಿತ್ತು. ಅವನು ಕೈಯಲ್ಲಿದ್ದ ತುಂಡನ್ನೂ ತಟ್ಟೆಗೆ ಇಟ್ಟು, “ಹೊಂದುತ್ತಾ?” ಅಂದ. ಸರಿಯಾಗಿ ನೋಡು ಎಂದು ಮತ್ತೊಮ್ಮೆ ಹೇಳಿದ. ಪಾಪ, ಎಲ್ವಾಳ ಮೇಲೆ ಇವನಿಗೂ ಕನಿಕರವಿದೆ ಅಂದುಕೊಂಡೆ.

“ಗಾಯ ಹೊಂದುತ್ತೆ ಅಂದೆ. ರೈಫಲ್ ಹೊಂದುತ್ತೆ ಅನ್ನಲಿಲ್ಲ. ರಾಯ್ಸ್, ಇವೆರಡರ ಮೈ ಸವರಿ ನೋಡು.”

ಒಲ್ಲದ ಮನಸ್ಸಿನಿಂದ ಅವನು ಬೆರಳಾಡಿಸಿದ. ನಾನು ಈಗ ಹೊಡೆದ ತೋಟಾದ ಮೈಯಲ್ಲಿ, ನಡುವಿಗೆ ಸ್ವಲ್ಪ ಮೇಲೆ, ಉಂಗುರದಂಥ ಒಂದು ಉಬ್ಬು ಕೈಗೆ ಸಿಗುತ್ತಿತ್ತು. ಬೇಲಿಯ ತೋಟಾ ಗಾಜಿನಂತೆ ನುಣುಪು.

ಈ ಉಂಗುರದ ಕಥೆ ನನ್ನಂಥವರಿಗೆ ಅಕ್ಷರಮಾಲೆ. ಎಲ್ವಾಳ ಅಮ್ಮ ಜೀವಮಾನವಿಡೀ ಗಿಡ್ಡ ತೋಟಾಗಳನ್ನೇ ಹೊಡೆದವಳು. ಸದ್ದು ಕಡಿಮೆ, ಒಂದು ಮೊಲ ಬಿದ್ದರೆ ಪಕ್ಕದ ಮೊಲ ಮೇಯುತ್ತಲೇ ಇರುತ್ತದೆ. ಮಗಳೂ ಹಾಗೆಯೇ. ಗಿಡ್ಡ ತೋಟಾದ ಬಾಯಿ ಎಲ್ಲಿ ಮುಗಿಯುತ್ತದೋ ಅಲ್ಲಿ ವರ್ಷಗಟ್ಟಲೆ ಬಿಸಿ ತಾಗಿ ನಳಿಗೆಯ ಒಳಗೋಡೆ ಬಳೆಯಂತೆ ಸವೆಯುತ್ತದೆ. ಮುಂದೆ ಯಾವತ್ತಾದರೂ ಉದ್ದದ ತೋಟಾ ಇಟ್ಟು ಹೊಡೆದರೆ ಹಿತ್ತಾಳೆ ಉಬ್ಬಿ ಆ ಸವೆದ ಜಾಗದಲ್ಲಿ ಕೂತುಬಿಡುತ್ತದೆ. ಮೈಮೇಲೆ ಉಂಗುರ ಮೂಡುತ್ತದೆ, ಎಳೆದರೆ ಬರುವುದಿಲ್ಲ. ಬೇಲಿಯ ಹತ್ತಿರ ಸಿಕ್ಕಿದ್ದು ಉದ್ದದ ತೋಟಾವೇ. ಅದರಲ್ಲಿ ಉಂಗುರವಿಲ್ಲ.

“ಅಂದ್ರೆ, ಟಗರಿಗೆ ಹೊಡೆದಿದ್ದು ಈ ಬೋಲ್ಟು,” ಅಂದೆ. “ಈ ನಳಿಗೆ ಅಲ್ಲ. ಅವತ್ತು ಈ ಬೋಲ್ಟು ಬೇರೆ ಯಾವುದೋ ರೈಫಲ್ಲಿನಲ್ಲಿತ್ತು.”

ನೆವಿಲ್ ಗಂಟಲು ಸರಿಮಾಡಿಕೊಂಡ. ಬೋಲ್ಟು ಏನು ರೆಕ್ಕೆ ಕಟ್ಟಿಕೊಂಡು ಹಾರಾಡುತ್ತದೆಯೇ ಎಂದು ರಾಯ್ಸ್ ನಕ್ಕ.

ಹಾರಾಡುವುದಿಲ್ಲ, ಡಬ್ಬಿಯಲ್ಲಿ ಕೂರುತ್ತದೆ. ಇದು ಮುರಿಂಗದವರಿಗೆ ಮಾತ್ರ ಹೊಳೆಯುವ ಸಂಗತಿ. ರಾಯ್ಸನಿಗೂ ಹೊಳೆಯಬೇಕಿತ್ತು, ಸಿಟ್ಟು ಬಿಡಲಿಲ್ಲ. ಚಳಿಗಾಲದಲ್ಲಿ ಒಂದು ಶನಿವಾರ ಊರಿನವರೆಲ್ಲ ಸೇರಿ ಮೊಲದ ಬೇಟೆಗೆ ಹೋಗುತ್ತಾರೆ. ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಟೀ. ಬೋಲ್ಟು ಹಾಕಿದ ಬಂದೂಕು ಹಾಲ್‌ನೊಳಗೆ ಬರಕೂಡದೆಂದು ಹಿಂದಿನ ಪಾದ್ರಿಯ ಕಟ್ಟಪ್ಪಣೆ. ಹಾಗಾಗಿ ಎಲ್ಲರೂ ಬೋಲ್ಟು ಕಳಚಿ ಬಾಗಿಲಲ್ಲಿಟ್ಟ ದೊಡ್ಡ ಕೇಕಿನ ಡಬ್ಬಿಗೆ ಹಾಕಿ, ಬೋಳು ರೈಫಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋಗುತ್ತಾರೆ. ಹೊರಡುವಾಗ ತಮ್ಮ ತಮ್ಮದನ್ನು ಆರಿಸಿಕೊಳ್ಳುತ್ತಾರೆ. ಒಂದೇ ಕಾರ್ಖಾನೆಯ ಒಂದೇ ನಮೂನೆಯ ರೈಫಲ್ಲುಗಳಿದ್ದರೆ ಒಂದರ ಬೋಲ್ಟು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಚಪ್ಪಲಿ ಅದಲು ಬದಲಾದರೆ ಕಾಲಿಗಾದರೂ ಗೊತ್ತಾಗುತ್ತದೆ.

ಈ ಸಲದ ಬೇಟೆ ನಡೆದದ್ದು ಟಗರು ಸತ್ತ ಮೇಲಿನ ಶನಿವಾರ. ರೈಫಲ್ ವಶವಾದದ್ದು ಸೋಮವಾರ.

“ಎಲ್ವಾ, ಇದನ್ನ ಹಿಡಿದು ನೋಡು,” ಎಂದು ಬೋಲ್ಟನ್ನು ಅವಳ ಅಂಗೈಗೆ ಹಾಕಿದೆ. ಕಣ್ಣಿಗೆ ಪೊರೆ ಬಂದು ಅವಳಿಗೆ ಹತ್ತಿರದ್ದೆಲ್ಲ ಮಬ್ಬು. ಹೆಬ್ಬೆರಳನ್ನು ಹಿಂಬದಿಯ ಗುಂಡಿಯ ಸುತ್ತ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು.

“ಇದು ನಮ್ದಲ್ಲ,” ಅಂದಳು. “ನಮ್ಮಮ್ಮ ಅರ ಹಾಕಿ ಗುಂಡಿಗೆ ಗೀರು ಮಾಡಿದ್ಲು. ಮೊಲ ಸುಲಿದ ಕೈ ಜಾರ್ತಿತ್ತು ಅವ್ಳಿಗೆ, ಚಳೀಲಿ. ಇದು ನುಣ್ಣಗಿದೆ.”

“ಅವಳೇ ಹೇಳ್ತಾಳಂತೆ, ನಾವು ನಂಬ್ಬೇಕಂತೆ,” ಎಂದ ರಾಯ್ಸ್.

ಅವನನ್ನು ಸುಮ್ಮನಾಗಿಸಲು ನನ್ನ ಹತ್ತಿರ ಒಂದು ದಾರಿಯಿತ್ತು. ರಾಯ್ಸನ ಹತ್ತಿರವೂ ಅದೇ ನಮೂನೆಯ ರೈಫಲ್ ಇದೆ, ಶನಿವಾರ ಅದೂ ಹಾಲ್‌ನ ಗೋಡೆಗೆ ಒರಗಿತ್ತು. ಬರುವಾಗ ತಾ, ಪುಕ್ಕಟೆ ಎಣ್ಣೆ ಹಾಕಿಕೊಡುತ್ತೇನೆ ಅಂದಿದ್ದೆ. ಪುಕ್ಕಟೆ ಅಂದರೆ ರಾಯ್ಸ್ ಬೇಲಿ ಹಾರಿ ಬರುವವನು. ಆ ಗುಣದಲ್ಲಿ ಅವನ ಟಗರೂ ಅವನನ್ನೇ ಹೋಲುತ್ತಿತ್ತು.

ಅವನ ರೈಫಲ್ ಎತ್ತಿಕೊಂಡು ತೋಟಾ ಇಡುವುದನ್ನು ನೋಡಿದ ಮೇಲೆ ಅವನಿಗೆ ವಿಷಯ ತಿಳಿಯಿತು. ಕಿವಿಯವರೆಗೂ ಕೆಂಪಾದ.

“ನನ್ನ ಟಗರನ್ನ ನಾನೇ ಹೊಡ್ಕೊಂಡೆ ಅಂತೀಯಾ?”

“ಅನ್ನಲ್ಲ. ನೋಡ್ತೀನಿ.”

“ಮರಿಯಿಂದ ಬಾಟ್ಲಿ ಹಾಲು ಕೊಟ್ಟು ಸಾಕಿದ್ದು ಗ್ವೆನ್. ನನ್ನ ಹೆಂಡ್ತಿ ತೀರ್ಕೊಂಡ ಚಳಿಗಾಲ ಅದು. ಅಡುಗೆಮನೇಲಿ ಮಲಗ್ತಿತ್ತು.” ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ಕಿಟಕಿಯ ಕಡೆ ತಿರುಗಿಕೊಂಡ.

ಇದು ನನಗೆ ಗೊತ್ತಿರಲಿಲ್ಲ. ಎಲ್ವಾಳಿಗೂ ಗೊತ್ತಿರಲಿಲ್ಲ. ಅವಳು ಎದ್ದು ಒಂದು ಲೋಟ ಟೀ ಬಗ್ಗಿಸಿ ಅವನ ಪಕ್ಕ ಇಟ್ಟಳು. ಬೇಲಿ ಜಗಳ ಶುರುವಾದ ಮೇಲೆ ಅವರಿಬ್ಬರ ನಡುವೆ ಬೈಗುಳ ಬಿಟ್ಟು ಬೇರೇನಾದರೂ ಕೈ ಬದಲಾಗಿದ್ದು ಇದೇ ಮೊದಲು.

ಮರಳಿಗೆ ಹೊಡೆದೆ. ತೋಟಾ ಸಲೀಸಾಗಿ ಹೊರಬಂತು. ಅಂಚಿನಲ್ಲಿ ಪುಟ್ಟ ಗುಂಡನೆಯ ಕುಳಿ, ಅಂಗಡಿಯಿಂದ ಬಂದ ದಿನದಂತೆ. ಅದು ರಾಯ್ಸನದೇ ಬೋಲ್ಟು. ಎಲ್ವಾಳದ್ದೂ ಅಲ್ಲ, ಕೊಂದದ್ದೂ ಅಲ್ಲ. ಅವನ ಬೆನ್ನು ತಟ್ಟಿ ಹಾಗೆಂದು ಹೇಳಿದೆ. ಅವನು ಟೀಯನ್ನು ಒಂದೇ ಗುಟುಕಿಗೆ ಕುಡಿದು, ಎಲ್ವಾಳ ಕಡೆ ತಿರುಗಿ, ಬೇಲಿಯ ಕಂಬ ಕೊಳೆತಿದೆ, ಶುಕ್ರವಾರ ಬಂದು ಹಾಕಿಕೊಡುತ್ತೇನೆ ಅಂದ. ರಾಯ್ಸನ ಬಾಯಲ್ಲಿ ಕ್ಷಮೆ ಎಂಬ ಪದ ಬರುವುದಿಲ್ಲ. ಕಂಬವನ್ನೇ ಹಾಗೆಂದು ತಿಳಿಯಬೇಕು.

ನೆವಿಲ್ ಮಾತ್ರ ಈಗ ಚುರುಕಾಗಿದ್ದ. ಇದೆಲ್ಲ ನಗರದ ತಜ್ಞರ ಮುಂದೆ ಇಡಬೇಕಾದ ವಿಷಯ, ಇವತ್ತೇ ಹೊರಡುತ್ತೇನೆ ಅಂದ. ನನಗೂ ಅದೇ ಸರಿ ಎನಿಸಿತು. ಬೇಲಿಯ ತೋಟಾ, ಉಂಗುರದ ತೋಟಾ, ಎರಡನ್ನೂ ನಾನೇ ಬೆಂಕಿಪೆಟ್ಟಿಗೆಗೆ ಹಾಕಿ ಅವನ ಜೇಬಿಗೆ ಇಳಿಸಿದೆ. ಬೋಲ್ಟು ಸಮೇತ ಎಲ್ವಾಳ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿಕೊಟ್ಟೆ. ಉಳಿದ ಕೇಕನ್ನೂ ಕಟ್ಟಿಕೊಟ್ಟೆ. ರಾಯ್ಸ್ ತನ್ನ ಟ್ರಕ್ಕಿನಲ್ಲಿ, ನೆವಿಲ್ ತನ್ನ ಕಾರಿನಲ್ಲಿ, ಧೂಳೆಬ್ಬಿಸಿ ಹೊರಟರು.

ನಾನು ಹಿಗ್ಗಿಹೋಗಿದ್ದೆ. ಎಲ್ವಾಳ ಹೆಸರಿಗೆ ಅಂಟಿದ ಮಸಿ ಅರ್ಧ ಒರೆಸಿಯಾಗಿತ್ತು. ಇನ್ನು ಶನಿವಾರ ಟೀಗೆ ಅಂಥದೇ ರೈಫಲ್ ಬೇರೆ ಯಾರು ತಂದಿದ್ದರು ಎಂಬುದಷ್ಟೇ ಬಾಕಿ. ಜ್ವರ ಬಂದು ನಾನು ಅವತ್ತು ಹೋಗಿರಲಿಲ್ಲ. ಎಲ್ವಾಳನ್ನು ಕೇಳಿದೆ.

ಅವಳು ಲೋಟಗಳನ್ನು ತೊಳೆಯತೊಡಗಿದಳು.

“ಬಿಟ್ಬಿಡು ಗ್ವೆನ್,” ಅಂದಳು. “ತಗೊಂಡು ಹೋಗ್ಲಿ. ಕರಗಿಸ್ಲಿ. ನಾನೇ ಹೊಡ್ದೆ ಅಂತ ಬರ್ಕೊಡ್ತೀನಿ.”

ನನಗೆ ತಲೆಬುಡ ತಿಳಿಯಲಿಲ್ಲ. ಬೆಳಿಗ್ಗೆ ಆ ರೈಫಲ್ಲಿಗಾಗಿ ಕಣ್ಣೀರಿಟ್ಟವಳು ಇವಳೇ. ಯಾಕೆ, ಯಾರಿಗೋಸ್ಕರ ಎಂದು ಕೇಳಿದರೆ ಲೋಟವನ್ನು ತಿಕ್ಕುತ್ತಲೇ ಇದ್ದಳು. ತೋಳು ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

“ನನ್ನ ರೈಫಲ್ ಪಕ್ಕ ಒರಗಿಸಿದ್ದು ಒಟ್ಟೊ,” ಅಂದಳು. “ಅಂಥದ್ದೇ. ಹೊರಡುವಾಗ ಡಬ್ಬೀಲಿ ನಮ್ಮಿಬ್ರದ್ದೇ ಉಳಿದಿತ್ತು. ಅವನೇ ಒಂದನ್ನ ನನ್ನ ಕೈಗೆ ಕೊಟ್ಟ.”

ಒಟ್ಟೊ ನನ್ನ ಗಂಡ.

ಶೆಡ್ಡಿನಲ್ಲೇ ಇರುವ ನಮ್ಮ ಕಬ್ಬಿಣದ ಕಪಾಟಿನಲ್ಲಿ ಹತ್ತಾರು ರೈಫಲ್ಲುಗಳಿವೆ. ಅವನು ಶನಿವಾರ ಯಾವುದನ್ನು ಒಯ್ದಿದ್ದನೆಂದು ನಾನು ಕೇಳಿರಲೇ ಇಲ್ಲ. ಕೀಲಿ ತಿರುಗಿಸಿ ಬಾಗಿಲು ತೆರೆದೆ. ಎಲ್ವಾಳದರಂಥದೇ ತಿಳಿ ಕಂದು ಮರದ ರೈಫಲ್ ಎತ್ತಿ, ಬೋಲ್ಟು ಕಳಚಿ, ಎಲ್ವಾಳ ಅಂಗೈಗೆ ಹಾಕಿದೆ. ಅವಳು ಹೆಬ್ಬೆರಳಾಡಿಸುವ ಮೊದಲೇ ನನಗೆ ಕಂಡಿತ್ತು. ಗುಂಡಿಯ ಸುತ್ತ ಅರದ ಗೀರುಗಳು, ನಡುವೆ ಎಣ್ಣೆಯ ಕಪ್ಪು.

ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡಳು. ನಾನು ಬೋಳು ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತೆ.

ಅಷ್ಟು ಹೊತ್ತಿಗೆ ಮಧ್ಯಾಹ್ನದ ಊಟಕ್ಕೆಂದು ಒಟ್ಟೊ ಹೊಲದಿಂದ ಬಂದ. ನಲ್ಲಿಯಲ್ಲಿ ಕೈ ತೊಳೆಯುತ್ತಾ, ಇವತ್ತು ಕೇಕ್ ಇಲ್ವಾ ಎಂದು ಕೇಳಿದ. ನಲವತ್ತು ವರ್ಷ ನನ್ನ ಪಕ್ಕ ಮಲಗಿದ ಮನುಷ್ಯ, ಜೇಡವನ್ನೂ ಕಾಗದದಲ್ಲಿ ಎತ್ತಿ ಹೊರಗೆ ಬಿಡುವವನು. ನಾನು ಸುತ್ತಿ ಬಳಸಲಿಲ್ಲ. ಬುಧವಾರ ಸಂಜೆ ಈ ರೈಫಲ್ ತೆಗೆದುಕೊಂಡು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

“ಬುಧವಾರಾನಾ?” ಅಂದ ಒಟ್ಟೊ, ಟವೆಲ್ ಹುಡುಕುತ್ತಾ. “ಅವತ್ತು ಅದು ಮನೇಲೇ ಇರ್ಲಿಲ್ವಲ್ಲ. ನೆವಿಲ್ ಇಸ್ಕೊಂಡು ಹೋಗಿದ್ದ. ರಸ್ತೇಲಿ ಕಾಂಗರೂ ಒಂದು ಕಾಲು ಮುರ್ಕೊಂಡು ಒದ್ದಾಡ್ತಿದೆ, ಠಾಣೆ ಬಂದೂಕು ರಿಪೇರಿಗೆ ಹೋಗಿದೆ ಅಂದ. ಗುರುವಾರ ವಾಪಸ್ ತಂದ್ಕೊಟ್ಟ.”

ಎಲ್ವಾ ನನ್ನನ್ನು ನೋಡಿದಳು. ನಾನು ಖಾಲಿ ಮೇಜನ್ನು ನೋಡಿದೆ. ರೈಫಲ್, ಬೋಲ್ಟು, ಎರಡೂ ತೋಟಾ. ಎಲ್ಲವನ್ನೂ ಕಟ್ಟಿ ಅವನ ಕೈಗೆ ಕೊಟ್ಟವಳು ನಾನೇ. ಅದಲು ಬದಲಿಗೆ ಇನ್ನುಳಿದ ಸಾಕ್ಷಿ ಎಲ್ವಾಳ ಕೈಯಲ್ಲಿದ್ದ ಬೋಲ್ಟೊಂದೇ.

“ಇವತ್ತು ಬೆಳಿಗ್ಗೇನೂ ಫೋನ್ ಮಾಡಿದ್ದ,” ಎಂದು ಒಟ್ಟೊ ಮುಂದುವರಿಸಿದ. “ಆ ಹಳೇ ರೈಫಲ್ ಯಾಕೆ ಇಟ್ಕೊಂಡಿದ್ದೀಯ, ಎಲ್ವಾಳದ್ದರ ಜೊತೆ ಅದನ್ನೂ ಒಪ್ಪಿಸ್ಬಿಡು, ಮಧ್ಯಾಹ್ನ ಬಂದು ತಗೊಂಡು ಹೋಗ್ತೀನಿ ಅಂದ. ನಾನೂ ಹ್ಞೂಂ ಅಂದೆ.”

ಅಂಗಳದಲ್ಲಿ ಕಾರು ನಿಂತ ಸದ್ದಾಯಿತು.

ಎಲ್ವಾ ಅಮ್ಮನ ಬೋಲ್ಟನ್ನು ಉಣ್ಣೆಯಂಗಿಯ ಜೇಬಿಗೆ ಇಳಿಸಿ, ಮೇಲೆ ಕರವಸ್ತ್ರ ತುರುಕಿ, ನಾನು ಕೂತಿದ್ದ ಕುರ್ಚಿಯ ಪಕ್ಕ ಬಂದು ನಿಂತಳು.

ಬಾಗಿಲಲ್ಲಿ ಸಾರ್ಜೆಂಟ್ ನೆವಿಲ್ ಕೂಟ್ ಟೋಪಿ ತೆಗೆದು ನಿಂತಿದ್ದ. ಅವನ ಕಣ್ಣು ಮೊದಲು ಒಟ್ಟೊನ ಮೇಲೆ, ಆಮೇಲೆ ತೆರೆದ ಕಪಾಟಿನ ಮೇಲೆ, ಕೊನೆಗೆ ನನ್ನ ತೊಡೆಯ ಮೇಲಿದ್ದ, ಬೋಲ್ಟಿಲ್ಲದ ರೈಫಲ್ಲಿನ ಮೇಲೆ ಬಂದು ನಿಂತಿತು.

“ಗ್ವೆನ್,” ಎಂದ ಅವನು, ಬಾಗಿಲನ್ನು ಹಿಂದಿನಿಂದ ಮುಚ್ಚುತ್ತಾ. “ಅದರ ಬೋಲ್ಟು ಎಲ್ಲಿ?”